ಅಡಿಕೆ ತೋಟಕ್ಕೆ ಡ್ರೋನ್ ಬರುವ ಮುನ್ನ: ಊರು ಕೂತು ತೀರ್ಮಾನಿಸುವ ಕ್ರಮ

ಎಲೆಚುಕ್ಕಿ ರೋಗವು ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳ ಅಡಿಕೆ ತೋಟಗಳನ್ನು ಕಾಡತೊಡಗಿದ ಮೇಲೆ, ಮತ್ತು ಕಾಯಿ ಕೊಳೆಸುವ ಕೊಳೆರೋಗಕ್ಕೆ ಔಷಧಿ ಹೊಡೆಯಲು ಮರ ಹತ್ತುವವರು ಸಿಗುವುದೇ ಕಷ್ಟವಾದ ಮೇಲೆ, ಡ್ರೋನ್ ಸಿಂಪಡಣೆಯ ಮಾತು ಮಲೆನಾಡಿನ ಸೊಸೈಟಿ ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದೆ. ಕೇಂದ್ರ ಸಂಪುಟವು 2023ರ ನವೆಂಬರ್‌ನಲ್ಲಿ ಒಪ್ಪಿದ ನಮೋ ಡ್ರೋನ್ ದೀದಿ ಯೋಜನೆಯು ದೇಶದ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡಿಸುವ ಉದ್ದೇಶದ್ದು, ಬೆಲೆಯ ಶೇ. 80ರಷ್ಟನ್ನು, ಗರಿಷ್ಠ 8 ಲಕ್ಷ ರೂಪಾಯಿಯವರೆಗೆ, ಸಹಾಯಧನವಾಗಿ ಕೊಡುವುದೆಂದು ಅದರಲ್ಲಿ ಹೇಳಿದೆ. ಯಂತ್ರ ಊರಿಗೆ ಬರುವ ದಾರಿ ಹೀಗೆ ಸಲೀಸಾಗಿದೆ. ಬಂದ ಮೇಲೆ ಅದು ಚೆಲ್ಲುವ ಔಷಧಿ ಯಾರ ಅಬ್ಬಿ ನೀರಿಗೆ (ಗುಡ್ಡದ ಝರಿಯಿಂದ ಮನೆಗೆ ಹರಿಸಿಕೊಳ್ಳುವ ನೀರಿಗೆ), ಯಾರ ಜೇನುಪೆಟ್ಟಿಗೆಗೆ, ಯಾರ ವೀಳ್ಯದ ಬಳ್ಳಿಗೆ ತಾಗುತ್ತದೆ ಎಂಬುದನ್ನು ಕೂತು ಮಾತಾಡಲು ಮಾತ್ರ ಸಿದ್ಧವಾದ ದಾರಿಯಿಲ್ಲ. ಆ ದಾರಿಯನ್ನು ಊರೇ ಹಾಕಿಕೊಳ್ಳುವುದು ಹೇಗೆ ಎಂಬುದನ್ನು ಪಂಚಾಯಿತಿ ಸದಸ್ಯರು, ಸೊಸೈಟಿ ನಿರ್ದೇಶಕರು ಮತ್ತು ಸ್ವಸಹಾಯ ಸಂಘದವರನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ವಿವರಿಸಿದೆ.

ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವಿನ 2,000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್‌ನಂಥ ದೊಡ್ಡ ಯೋಜನೆಗೆ ಕಾನೂನಿನ ಕ್ರಮವೊಂದು ಮೊದಲೇ ಇದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಸಿಗಬೇಕು, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸಬೇಕು, ಕಲಾಪವನ್ನು ವಿಡಿಯೋದಲ್ಲಿ ದಾಖಲಿಸಬೇಕು. ಆ ಕ್ರಮ ಎಷ್ಟು ಚೆನ್ನಾಗಿ ನಡೆಯುತ್ತದೆ ಎಂಬುದು ಬೇರೆ ಮಾತು. ತಕರಾರು ಎತ್ತಲು ಒಂದು ಜಾಗವಾದರೂ ಇದೆ. ಹತ್ತಾರು ತೋಟಗಳ ಮೇಲೆ ಒಂದೊಂದಾಗಿ ಹಾರುವ ಸಣ್ಣ ಯಂತ್ರಕ್ಕೆ ಅಂಥ ಸಭೆ ಕಡ್ಡಾಯವಲ್ಲ. ಆದ್ದರಿಂದ ಗ್ರಾಮಸಭೆಯೇ ಆ ಜಾಗವಾಗಬೇಕಾಗುತ್ತದೆ.

ಪಂಚಾಯಿತಿಯ ಕೈಗೆ ಎಟುಕುವುದೇನು, ಎಟುಕದ್ದೇನು ಎಂಬುದು ಮೊದಲು ಸ್ಪಷ್ಟವಾಗಿರಲಿ. ಆಕಾಶ ಪಂಚಾಯಿತಿಯದ್ದಲ್ಲ. ಡ್ರೋನ್ ನೋಂದಣಿ, ಹಾರಿಸುವವರ ಪ್ರಮಾಣಪತ್ರ, ಹಾರಾಟದ ವಲಯ ಇವೆಲ್ಲ 2021ರ ಡ್ರೋನ್ ನಿಯಮಗಳ ಕೆಳಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ ಸೇರಿದವು. ಸೋಗಾನೆಯಲ್ಲಿರುವ ಶಿವಮೊಗ್ಗ ವಿಮಾನ ನಿಲ್ದಾಣದ ಸುತ್ತ 8 ಕಿಲೋಮೀಟರ್ ಒಳಗಿನ ಊರುಗಳವರು, ಅನುಮತಿ ಪಡೆಯದೆ ಹಾರಿಸುವಂತಿಲ್ಲದ ವಲಯ ತಮ್ಮದು ಎಂಬುದನ್ನು ಗಮನಿಸಬೇಕು. ಔಷಧಿಯ ಮಾರಾಟ ಮತ್ತು ಬಳಕೆ 1968ರ ಕೀಟನಾಶಕ ಕಾಯ್ದೆಗೆ ಒಳಪಡುತ್ತವೆ. ಶಿಲೀಂಧ್ರನಾಶಕಗಳೂ ಅದರಲ್ಲೇ ಬರುತ್ತವೆ. ಆದರೆ ಕುಡಿಯುವ ನೀರು, ಊರಿನ ಆರೋಗ್ಯ, ಸಾರ್ವಜನಿಕ ದಾರಿ ಪಂಚಾಯಿತಿಯ ಹೊಣೆ. ಜೊತೆಗೆ 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಬಹುತೇಕ ಕಡೆ ಅದು ಕಡತದಲ್ಲಷ್ಟೇ ಉಸಿರಾಡುತ್ತಿದೆ. ಈ ಕೆಲಸಕ್ಕೆ ಅದನ್ನು ಎಬ್ಬಿಸಬಹುದು. ಒಟ್ಟಿನಲ್ಲಿ ಊರು ಇಲ್ಲಿ ಮಾಡುವುದು ನಿಷೇಧವನ್ನೂ ಅಲ್ಲ, ಪರವಾನಗಿಯನ್ನೂ ಅಲ್ಲ. ಯಾವ ಷರತ್ತಿನ ಮೇಲೆ, ಎಷ್ಟು ಕಾಲ, ಯಾರ ಕಣ್ಣೆದುರು ಸಿಂಪಡಣೆ ನಡೆಯಬೇಕು ಎಂಬ ಲಿಖಿತ ಒಪ್ಪಂದ ಅದು.

ಪ್ರಶ್ನೆಯನ್ನು ಒಡೆದು ಬರೆಯಿರಿ

“ಡ್ರೋನ್ ಬೇಕೋ ಬೇಡವೋ” ಎಂದು ಸಭೆಯ ಮುಂದಿಟ್ಟರೆ ಊರು ಎರಡು ಪಾಲಾಗುತ್ತದೆ, ತಿಳಿವಳಿಕೆ ಒಂದಿಷ್ಟೂ ಹೆಚ್ಚುವುದಿಲ್ಲ. ಯಾವ ರೋಗಕ್ಕೆ, ಯಾವ ಔಷಧಿ, ಯಾವ ತೋಟ, ಯಾವ ತಿಂಗಳು, ಯಾರು ಹಾರಿಸುವವರು ಎಂದು ಬಿಡಿಸಿ ಬರೆದ ಕೂಡಲೇ ಒಂದೇ ಎನಿಸಿದ್ದ ಪ್ರಶ್ನೆ ನಾಲ್ಕಾರು ಪ್ರಶ್ನೆಗಳಾಗುತ್ತದೆ, ಅವುಗಳ ಉತ್ತರವೂ ಬೇರೆ ಬೇರೆಯಾಗುತ್ತದೆ.

ತೋಟದಲ್ಲಿ ನಿಂತು ಮೇಲೆ ನೋಡಿದರೆ ಇದು ಅರ್ಥವಾಗುತ್ತದೆ. ಎಲೆಚುಕ್ಕಿ ಇರುವುದು ಸೋಗೆಯಲ್ಲಿ, ಎಂದರೆ ಮರದ ತುದಿಯ ಗರಿಗಳಲ್ಲಿ. ಮೇಲಿನಿಂದ ಬಿದ್ದ ಹನಿ ಮೊದಲು ತಾಗುವುದೂ ಸೋಗೆಗೇ. ಕೊಳೆ ಹಿಡಿಯುವುದು ಕೊನೆಗೆ, ಎಂದರೆ ಅಡಿಕೆಯ ಗೊನೆಗೆ. ಕೊನೆ ಸೋಗೆಗಳ ಕೆಳಗೆ, ಕಾಂಡಕ್ಕೆ ಒತ್ತಿಕೊಂಡು ಇರುತ್ತದೆ. ಮರದ ಮೇಲೆ ಕೂತ ಕೊನೆಗೌಡ, ಎಂದರೆ ಮರ ಹತ್ತುವ ಕೆಲಸಗಾರ, ಸಿಂಪಡಣೆಯ ಗನ್ನನ್ನು ಕೊನೆಯ ಬುಡಕ್ಕೇ ತಿರುಗಿಸಿ, ಕಾಯಿ ಕಾಯಿಗೂ ತಾಗುವಂತೆ ಹೊಡೆಯುತ್ತಾನೆ. ಮೇಲಿನಿಂದ ಇಳಿಯುವ ಹನಿ ಸೋಗೆಯನ್ನು ದಾಟಿ ಅಲ್ಲಿಗೆ ಎಷ್ಟು ತಲುಪುತ್ತದೆ ಎಂಬುದು ತೋಟದಿಂದ ತೋಟಕ್ಕೆ, ಮರದ ಎತ್ತರ ಮತ್ತು ಒತ್ತಣೆಯನ್ನು ನೋಡಿಕೊಂಡು ಬದಲಾಗುವ ಸಂಗತಿ. ಇನ್ನೊಂದು ಮಾತು: ಕೊಳೆಗೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣ ಎಂದರೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಅಷ್ಟು ನೀರನ್ನು ಹತ್ತು ಲೀಟರ್ ಆಸುಪಾಸಿನ ಟ್ಯಾಂಕ್ ಹೊತ್ತೊಯ್ಯಲಾರದು. ಸುಣ್ಣದ ಗಸಿ ಸಣ್ಣ ನಾಜಲ್‌ನಲ್ಲಿ ಕಟ್ಟಿಕೊಳ್ಳುವ ತೊಂದರೆಯೂ ಇದೆ. ಆದ್ದರಿಂದ ಡ್ರೋನ್ ಬಂತೆಂದರೆ ಅನೇಕ ಸಲ ಔಷಧಿಯೂ ಬದಲಾಗುತ್ತದೆ, ಅದರ ಸಾಂದ್ರತೆಯೂ ಏರುತ್ತದೆ. ಊರಿನವರು ಒಪ್ಪುವುದು ಯಂತ್ರವನ್ನಷ್ಟೇ ಅಲ್ಲ, ಅದರ ಬೆನ್ನಿಗೆ ಬರುವ ಹೊಸ ಔಷಧಿಯನ್ನು ಕೂಡ. ಇದನ್ನು ಪ್ರಶ್ನೆಯಲ್ಲೇ ಬರೆದಿಡದಿದ್ದರೆ ಸಭೆಯಲ್ಲಿ ಯಾರೂ ಕೇಳುವುದಿಲ್ಲ.

ಮೂರು ಪಟ್ಟಿ ಮಾಡಿ

ಸಭೆಗೆ ಮೊದಲು ಐದಾರು ಜನರ ಒಂದು ತಂಡ ಕೂತು ಮೂರು ಪಟ್ಟಿ ಬರೆಯಬೇಕು: ಈಗಾಗಲೇ ತಿಳಿದಿರುವುದು, ಒಂದು ಮಳೆಗಾಲದೊಳಗೆ ಪರೀಕ್ಷೆ ಮಾಡಿ ತಿಳಿಯಬಹುದಾದದ್ದು, ಬಹುಕಾಲ ತಿಳಿಯಲಾಗದ್ದು. ನನ್ನ ಅಭಿಪ್ರಾಯದಲ್ಲಿ ಇಡೀ ಕೆಲಸದ ಜೀವ ಇರುವುದು ಇಲ್ಲೇ, ಏಕೆಂದರೆ ಊರಿನ ಜಗಳಗಳಲ್ಲಿ ಹೆಚ್ಚಿನವು ಎರಡನೆಯ ಪಟ್ಟಿಯ ಸಂಗತಿಯನ್ನು ಮೊದಲನೆಯದೆಂದು ಒಬ್ಬರು, ಮೂರನೆಯದೆಂದು ಇನ್ನೊಬ್ಬರು ಹಟ ಹಿಡಿಯುವುದರಿಂದ ಹುಟ್ಟುತ್ತವೆ.

ಮೊದಲ ಪಟ್ಟಿಗೆ ಬೇಕಾದದ್ದು ಬಹುಪಾಲು ಔಷಧಿ ಡಬ್ಬಿಯ ಮೇಲೆಯೇ ಇದೆ. ಲೇಬಲ್‌ನ ಚೌಕದ ಕೆಳಭಾಗದ ತ್ರಿಕೋನ ಕೆಂಪಾದರೆ ಅತಿ ಹೆಚ್ಚು ವಿಷ, ಹಳದಿಯಾದರೆ ಹೆಚ್ಚು, ನೀಲಿಯಾದರೆ ಮಧ್ಯಮ, ಹಸಿರಾದರೆ ಅಲ್ಪ. ಅಡಿಕೆಗೆ ಅದನ್ನು ಶಿಫಾರಸು ಮಾಡಲಾಗಿದೆಯೇ, ಸಿಂಪಡಿಸಿದ ಎಷ್ಟು ದಿನದ ಮೇಲೆ ಕೊಯ್ಯಬಹುದು, ಮೀನು ಮತ್ತು ಜೇನಿಗೆ ಅಪಾಯದ ಎಚ್ಚರಿಕೆ ಇದೆಯೇ ಎಂಬುದನ್ನು ಒಳಗಿನ ಕರಪತ್ರದಲ್ಲಿ ನೋಡಿ ಕನ್ನಡದಲ್ಲಿ ಬರೆದುಕೊಳ್ಳಿ. ಡ್ರೋನ್‌ನಿಂದ ಸಿಂಪಡಿಸಲು ಆ ಔಷಧಿಗೆ ಒಪ್ಪಿಗೆ ಇದೆಯೇ ಎಂಬುದು ಬೇರೆಯೇ ಪ್ರಶ್ನೆ. ಅದನ್ನು ಮಾರುವವರಿಂದ ಲಿಖಿತವಾಗಿ ಕೇಳಿ ಪಡೆಯಿರಿ. ಕೃಷಿ ಸಚಿವಾಲಯವು 2021ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಡ್ರೋನ್ ಸಿಂಪಡಣೆಯ ಕಾರ್ಯವಿಧಾನದಲ್ಲಿ ಬಿಡಬೇಕಾದ ದೂರ, ಹವಾಮಾನ, ವಿಮೆ, ತುರ್ತು ಸಂದರ್ಭದ ಕ್ರಮಗಳ ಮಾತಿದೆ. ಅದರ ಪ್ರತಿಯನ್ನು ತೋಟಗಾರಿಕೆ ಇಲಾಖೆಯಿಂದ ತರಿಸಿಕೊಳ್ಳಿ. ಸಿಗದಿದ್ದರೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಬಹುದು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ ಇರಬೇಕು, ಉತ್ತರಕ್ಕೆ 30 ದಿನ ಕಾಯಬೇಕು. ಮಳೆ ಹತ್ತಿರ ಬಂದಾಗ ಅರ್ಜಿ ಹಾಕಿದರೆ ಉತ್ತರ ಬರುವಷ್ಟರಲ್ಲಿ ಔಷಧಿ ಹೊಡೆದು ಮುಗಿದಿರುತ್ತದೆ.

ಎರಡನೆಯ ಪಟ್ಟಿಗೆ ತೋಟದಲ್ಲೇ ಪರೀಕ್ಷೆ ಬೇಕು. ನೀರಿನ ಹನಿ ತಾಗಿದಲ್ಲಿ ಹಳದಿಯಿಂದ ನೀಲಿಗೆ ತಿರುಗುವ ಪರೀಕ್ಷಾ ಕಾಗದ ಸಿಗುತ್ತದೆ. ಸಿಂಪಡಣೆಯ ಗುಣಮಟ್ಟ ಅಳೆಯುವವರೆಲ್ಲ ಅದನ್ನು ಬಳಸುತ್ತಾರೆ. ಅಂಗೈ ಅಗಲಕ್ಕಿಂತ ಚಿಕ್ಕ ಆ ಚೀಟಿಗಳನ್ನು ಸೋಗೆಯ ಮೇಲ್ಮೈಗೆ, ಕೊನೆಯ ಒಳಮಗ್ಗುಲಿಗೆ, ಕೆಳಗಿನ ಮೆಣಸಿನ ಬಳ್ಳಿಗೆ, ಬೇಲಿಯಾಚೆ ಪಕ್ಕದವರ ವೀಳ್ಯದ ಬಳ್ಳಿಗೆ, ಬಸಿಗಾಲುವೆಯ ಅಂಚಿಗೆ, ಅಬ್ಬಿ ನೀರಿನ ಪೈಪು ಶುರುವಾಗುವ ಗುಂಡಿಯ ಬಳಿಗೆ ಕಟ್ಟಿ, ಡ್ರೋನ್‌ನಲ್ಲಿ ಬರೀ ನೀರು ತುಂಬಿಸಿ ಹಾರಿಸಬೇಕು. ಮಂಜಿನ ತೇವವೇ ಕಾಗದವನ್ನು ನೀಲಿ ಮಾಡಿಬಿಡುವುದರಿಂದ ಬಿಸಿಲೇರಿದ ಮೇಲೆ ಕಟ್ಟಬೇಕು, ಹಾರಾಟ ಮುಗಿದ ಕೂಡಲೇ ಬಿಚ್ಚಬೇಕು. ಔಷಧಿಯ ಹನಿ ಬರೀ ನೀರಿನಂತೆಯೇ ಚದುರುತ್ತದೆಂದು ಹೇಳಲಾಗದು, ನಿಜ. ಆದರೂ ಪಕ್ಕದ ತೋಟದಲ್ಲಿ ಕಟ್ಟಿದ ಚೀಟಿಯ ಮೇಲೆ ನೀಲಿ ಚುಕ್ಕೆ ಬಿದ್ದರೆ ಅದರ ಮುಂದೆ ಮಾರುವವರ ಮಾತೂ ನಿಲ್ಲುವುದಿಲ್ಲ, ವಿರೋಧಿಸುವವರ ಊಹೆಯೂ ಬೇಕಾಗುವುದಿಲ್ಲ. ಗಾಳಿಯನ್ನೂ ಬರೆದುಕೊಳ್ಳಿ. ಗುಡ್ಡಗಳ ನಡುವಿನ ತೋಟದಲ್ಲಿ ಎಲೆ ಅಲುಗದ ಬೆಳಗಿನ ಜಾವ ಸುರಕ್ಷಿತವೆಂದು ಕಾಣುತ್ತದೆ. ಆದರೆ ತಂಪು ಗಾಳಿ ಕಣಿವೆಯಲ್ಲಿ ಕೂತಿರುವ ಆ ಹೊತ್ತಿನಲ್ಲಿ ತೀರ ಸಣ್ಣ ಹನಿಗಳು ಕೆಳಗಿಳಿಯದೆ ತೇಲುತ್ತ, ಇಳಿಜಾರಿನ ಗುಂಟ ಕೆಳಮನೆಯ ಕಡೆಗೆ ಸರಿಯಬಲ್ಲವು.

ಮೂರನೆಯ ಪಟ್ಟಿಯಲ್ಲಿ ಬರುವುದು ವರ್ಷಗಟ್ಟಲೆ ಹೊಡೆದಾಗ ಮಣ್ಣಿಗೆ ಏನಾಗುತ್ತದೆ, ತುಡುವೆ ಜೇನಿಗೆ ಏನಾಗುತ್ತದೆ, ದಿನವೂ ಅದರ ನಡುವೆ ಕೆಲಸ ಮಾಡುವವರ ಮೈಗೆ ಏನಾಗುತ್ತದೆ ಎಂಬಂಥವು. ಕಾಸರಗೋಡಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೆಲ್ಲ ನಿಲ್ಲಿಸಿದ್ದು 2011ರ ಮೇ ತಿಂಗಳಲ್ಲಿ. ದಕ್ಷಿಣ ಕನ್ನಡದ ಕೊಕ್ಕಡದ ಸುತ್ತಲಿನ ಊರುಗಳೂ ಅದರ ನೋವನ್ನು ಉಂಡಿವೆ. ಇಂದಿನ ಡ್ರೋನ್ ಆ ಹೆಲಿಕಾಪ್ಟರ್ ಅಲ್ಲ, ಔಷಧಿಯೂ ಅದಲ್ಲ, ಆದ್ದರಿಂದ ಎರಡನ್ನೂ ಒಂದೇ ಎನ್ನುವುದು ಸರಿಯಾಗದು. ಆದರೆ ಊರಿನ ಆರೋಗ್ಯದ ಲೆಕ್ಕವನ್ನು ಮೊದಲ ದಿನದಿಂದ ಯಾರೂ ಬರೆದಿಡದಿದ್ದರೆ ಮುಂದೆ ಹಾನಿಯ ಕಾರಣವನ್ನು ತೋರಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಅದು ನಮಗೆ ತೀರ ಹತ್ತಿರದ ಸಾಕ್ಷಿ.

ಅದೇ ಕಾಗದದಲ್ಲಿ ಡ್ರೋನ್ ತರದಿದ್ದರೆ ಆಗುವ ನಷ್ಟವನ್ನೂ ಬರೆಯಬೇಕು. ಮಳೆಯಲ್ಲಿ ಜಾರುವ ಮರದಿಂದ ಬಿದ್ದು ಸೊಂಟ ಕಳೆದುಕೊಂಡವರು ಇಲ್ಲಿ ಊರೂರಿಗೂ ಇದ್ದಾರೆ. ಸಮಯಕ್ಕೆ ಔಷಧಿ ಬೀಳದೆ ಕೊಳೆಗೆ ಹೋದ ಫಸಲೂ ಇದೆ. ಏನೂ ಮಾಡದೆ ಕೂರುವುದು ಕೂಡ ಒಂದು ತೀರ್ಮಾನವೇ. ಇಂದು ಅಜ್ಜನ ಕಾಲದ್ದೆಂದು ನಾವು ನೆಚ್ಚಿಕೊಂಡಿರುವ ಬೋರ್ಡೋ ಕೂಡ ಒಂದು ಕಾಲಕ್ಕೆ ಹೊಸದೇ ಆಗಿತ್ತು. 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಬಳಕೆಗೆ ಬಂದ ಆ ಮಿಶ್ರಣವನ್ನು ಅಡಿಕೆಗೆ ತರುವಲ್ಲಿ, ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ, 1910ರಲ್ಲಿ ಕೊಳೆರೋಗದ ಮೇಲೆ ವರದಿ ಪ್ರಕಟಿಸಿದ ಲೆಸ್ಲಿ ಕೋಲ್ಮನ್ ಅವರ ಪಾತ್ರ ದೊಡ್ಡದು. ಅದಕ್ಕೂ ಮೊದಲು ಇದ್ದದ್ದು ಮಳೆ ತಾಗದಂತೆ ಗೊನೆಗೆ ಕರಡದ ಹುಲ್ಲಿನ ಕೊಟ್ಟೆ ಕಟ್ಟುವ ಪದ್ಧತಿ.

ಯಾರನ್ನು ಕರೆಯಬೇಕು, ಯಾವಾಗ

ತೋಟದ ಯಜಮಾನರು ಕರೆಯದಿದ್ದರೂ ಬರುತ್ತಾರೆ. ಕರೆದರೂ ಬರಲಾಗದವರನ್ನು ಕುರಿತು ಯೋಚಿಸಬೇಕು. ಕೊನೆಗೌಡರು, ಔಷಧಿ ಕಲಸುವವರು, ಕೆಳಗೆ ಪೈಪ್ ಹಿಡಿಯುವ ಹೆಂಗಸರು, ಸೊಪ್ಪಿನಬೆಟ್ಟಕ್ಕೆ ದನ ಬಿಡುವವರು, ಜೇನು ಸಾಕುವವರು, ತೋಟದ ಕೆಳಗಿನ ಹಳ್ಳದಿಂದ ಕುಡಿಯುವ ನೀರು ತರುವ ಮನೆಗಳವರು, ಡ್ರೋನ್ ಹಾರಿಸಲು ತರಬೇತಿಗೆ ಹೋಗಬೇಕೆಂದಿರುವ ಸ್ವಸಹಾಯ ಸಂಘದ ಸದಸ್ಯೆಯರು, ಇವರೆಲ್ಲರ ಮಾತು ಬೇಕು. ಚೇಣಿದಾರರನ್ನು, ಎಂದರೆ ಫಸಲನ್ನು ಗುತ್ತಿಗೆ ಹಿಡಿಯುವವರನ್ನು, ಮರೆಯಬೇಡಿ. ಫಸಲನ್ನು ಚೇಣಿಗೆ ಕೊಟ್ಟ ತೋಟದಲ್ಲಿ ಔಷಧಿ ಹೊಡೆಸುವುದು ಅನೇಕ ಕಡೆ ಅವರೇ, ಮತ್ತು ಅವರಲ್ಲಿ ಕೆಲವರು ಬೇರೆ ಊರಿನವರು. ಅವರ ಸಹಿಯಿಲ್ಲದ ಒಪ್ಪಂದ ಅರ್ಧ ಒಪ್ಪಂದವಷ್ಟೇ.

ಹಗಲು ಹನ್ನೊಂದಕ್ಕೆ ಪಂಚಾಯಿತಿ ಕಟ್ಟಡದಲ್ಲಿ ಸಭೆ ಎಂದರೆ ಕೂಲಿಗೆ ಹೋಗುವವರು ಒಂದು ದಿನದ ಸಂಬಳ ಬಿಡಬೇಕು. ಆದ್ದರಿಂದ ಮೊದಲು ಕೇರಿ ಕೇರಿಯಲ್ಲಿ ಸಂಜೆಯ ಹೊತ್ತು ವಾರ್ಡ್ ಸಭೆ ಮಾಡಿ, ಅಲ್ಲಿ ಬಂದ ಮಾತನ್ನು ಬರೆದುಕೊಂಡು ಗ್ರಾಮಸಭೆಗೆ ತರುವುದು ಒಳ್ಳೆಯದು. ಕೋರಂ ತುಂಬಿಸಲು ಸಹಿ ಹಾಕಿಸಿಕೊಂಡು ಕಳಿಸುವ ಅಭ್ಯಾಸ ಎಲ್ಲರಿಗೂ ಗೊತ್ತಿದೆ. ಈ ವಿಷಯದಲ್ಲಿ ಅದು ಮುಂದಿನ ಜಗಳಕ್ಕೆ ಇಂದೇ ಬೀಜ ಹಾಕಿದಂತೆ. ಗಂಡಸರ ಎದುರು ಬಾಯಿ ಬಿಡದ ಹೆಂಗಸರು ತಮ್ಮ ಸಂಘದ ವಾರದ ಸಭೆಯಲ್ಲಿ ಚೆನ್ನಾಗಿಯೇ ಮಾತಾಡುತ್ತಾರೆ, ಆದ್ದರಿಂದ ಅಲ್ಲಿಗೇ ಹೋಗಿ ಕೇಳಬೇಕು.

ತಿಳಿದವರ ಮಾತನ್ನು ಕೇಳುವ ಬಗೆ

ಡ್ರೋನ್ ಮಾರುವವರು ಮಾತಾಡಲಿ, ಆದರೆ ಸಭೆ ನಡೆಸಬಾರದು. ಊಟದ ಖರ್ಚನ್ನೂ ಅವರಿಂದ ತೆಗೆದುಕೊಳ್ಳಬಾರದು. ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದಿಂದ, ಕೃಷಿ ವಿಜ್ಞಾನ ಕೇಂದ್ರದಿಂದ, ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಒಬ್ಬೊಬ್ಬರನ್ನು ಕರೆಯಿರಿ. ಅವರನ್ನು “ಇದು ಸುರಕ್ಷಿತವೇ” ಎಂದು ಕೇಳಿದರೆ ಹೌದು ಅಥವಾ ಇಲ್ಲ ಎಂಬ ಉತ್ತರ ಬರುತ್ತದೆ. ಬದಲಿಗೆ “ಇದನ್ನು ಎಲ್ಲಿ, ಎಷ್ಟು ವರ್ಷ, ಎಷ್ಟು ಎತ್ತರದ ಮರದಲ್ಲಿ ಪರೀಕ್ಷಿಸಿದ್ದೀರಿ, ಪರೀಕ್ಷಿಸದೆ ಉಳಿದದ್ದು ಯಾವುದು” ಎಂದು ಕೇಳಿ. ಬಯಲುಸೀಮೆಯ ಭತ್ತದ ಗದ್ದೆಯಲ್ಲಿ ಬಂದ ಫಲಿತಾಂಶ ಐವತ್ತು ಅಡಿಯ ಅಡಿಕೆ ಮರಕ್ಕೆ ಹಾಗೆಯೇ ಹೊಂದುವುದಿಲ್ಲ.

ಸಾಮಾನ್ಯ ಜನ ಇಂಥ ವಿಷಯದಲ್ಲಿ ತೀರ್ಪು ಕೊಡಬಲ್ಲರೇ ಎಂದು ಅನುಮಾನಿಸುವವರಿಗೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. 2000ದಲ್ಲಿ ಚಿತ್ರದುರ್ಗದಲ್ಲಿ ಸಣ್ಣ ರೈತರ ಒಂದು ತೀರ್ಪುಗಾರರ ಮಂಡಳಿ ಕೂತು, ಕುಲಾಂತರಿ ಬೀಜದ ಪರವಾಗಿಯೂ ವಿರೋಧವಾಗಿಯೂ ಸಾಕ್ಷ್ಯ ಕೇಳಿ, ಪ್ರಶ್ನೆ ಹಾಕಿ, ಕೊನೆಗೆ ಮತ ಹಾಕಿತು. ಹತ್ತು ವರ್ಷದ ಮೇಲೆ ಕುಲಾಂತರಿ ತಳಿಯಾದ ಬಿಟಿ ಬದನೆಯ ವಿಷಯದಲ್ಲಿ, ತಜ್ಞರ ಸಮಿತಿ 2009ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿದ್ದರೂ, ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಬೆಂಗಳೂರೂ ಸೇರಿ ಏಳು ನಗರಗಳಲ್ಲಿ ಬಹಿರಂಗ ಸಭೆ ನಡೆಸಿ, 2010ರ ಫೆಬ್ರವರಿ 9ರಂದು ಅದನ್ನು ತಡೆಹಿಡಿದರು. ಆ ಸಭೆಗಳಲ್ಲಿ ಗದ್ದಲವೇ ಹೆಚ್ಚಾಗಿತ್ತು ಎನ್ನುವವರಿದ್ದಾರೆ. ಅಷ್ಟು ದೊಡ್ಡ ಸಭಾಂಗಣಕ್ಕಿಂತ ಮೂವತ್ತು ಜನ ಕೂರುವ ಶಾಲೆಯ ಕೋಣೆ ಮೇಲೆಂಬುದು ನನ್ನ ಎಣಿಕೆ. ಆದರೆ ಅಲ್ಲಿಂದ ಕಲಿಯಬೇಕಾದದ್ದು ಒಂದಿದೆ: ತೀರ್ಮಾನದ ಜೊತೆಗೆ ಅದರ ಕಾರಣಗಳನ್ನೂ ಬರವಣಿಗೆಯಲ್ಲಿ ಪ್ರಕಟಿಸಲಾಯಿತು, ಆದ್ದರಿಂದ ಒಪ್ಪದವರಿಗೂ ಯಾವ ಮಾತನ್ನು ಒಪ್ಪುತ್ತಿಲ್ಲ ಎಂದು ಬೊಟ್ಟು ಮಾಡಿ ಹೇಳಲು ಸಾಧ್ಯವಾಯಿತು.

ಠರಾವು ಬರೆಯುವಾಗ

ತಿಳಿಯದ್ದು ಇನ್ನೂ ಉಳಿದಿರುವಾಗ ಮಾಡುವ ತೀರ್ಮಾನಕ್ಕೆ ಅವಧಿ ಇರಬೇಕು, ಹಿಂದಕ್ಕೆ ಬರುವ ದಾರಿ ಇರಬೇಕು. ಆದ್ದರಿಂದ ಸಂಘವು ಸಾಲ ಮಾಡಿ ಡ್ರೋನ್ ಕೊಳ್ಳುವುದಕ್ಕೆ ಮೊದಲೇ ಸಭೆ ನಡೆಯಲಿ, ಮೊದಲ ವರ್ಷ ಬಾಡಿಗೆಯ ಯಂತ್ರ ಸಾಕು. ಕಂತು ಕಟ್ಟಬೇಕಾದವರು “ನಿಲ್ಲಿಸೋಣ” ಎಂಬ ಮಾತನ್ನು ಒಪ್ಪುವುದು ಕಷ್ಟ, ಅದರಲ್ಲಿ ಅವರ ತಪ್ಪೂ ಇಲ್ಲ.

ಷರತ್ತು ಬರೆದರೆ ಸಾಲದು, ಅದನ್ನು ನೋಡಿಕೊಳ್ಳುವವರು ಯಾರೆಂದೂ ಬರೆಯಬೇಕು. 2002ರಲ್ಲಿ ಬಿಟಿ ಹತ್ತಿಗೆ ಮೊದಲ ಒಪ್ಪಿಗೆ ಸಿಕ್ಕಿದ್ದು ಮೂರು ವರ್ಷದ ಅವಧಿಗೆ. ಸುತ್ತಲೂ ಐದು ಸಾಲು ಅಥವಾ ಒಟ್ಟು ಜಾಗದ ಶೇ. 20ರಷ್ಟು, ಯಾವುದು ಹೆಚ್ಚೋ ಅಷ್ಟು, ಸಾಮಾನ್ಯ ಹತ್ತಿ ಬೆಳೆಯಬೇಕೆಂಬ ಷರತ್ತೂ ಇತ್ತು. ಹುಳು ಬೇಗ ಒಗ್ಗಿಕೊಳ್ಳದಿರಲೆಂದು ಮಾಡಿದ್ದ ಆ ಷರತ್ತನ್ನು ಹೆಚ್ಚಿನ ರೈತರು ಪಾಲಿಸಲಿಲ್ಲ, ಹೊಲಕ್ಕೆ ಬಂದು ಕೇಳುವವರೂ ಇರಲಿಲ್ಲ. ಗುಲಾಬಿ ಕಾಯಿಕೊರಕ ಮುಂದೆ ಬಿಟಿಗೆ ಜಗ್ಗದಂತಾಯಿತು.

ಠರಾವಿನ ಒಕ್ಕಣೆ ಹೀಗಿರಬಹುದು: “ಎಲೆಚುಕ್ಕಿ ರೋಗಕ್ಕೆ ಮಾತ್ರ, ಹೆಸರು ನಮೂದಿಸಿದ ಔಷಧಿಯನ್ನು, ಒಪ್ಪಿದ ಎಂಟು ತೋಟಗಳಲ್ಲಿ, ಈ ಒಂದು ಮಳೆಗಾಲಕ್ಕೆ ಸೀಮಿತವಾಗಿ ಡ್ರೋನ್‌ನಿಂದ ಸಿಂಪಡಿಸುವುದು. ಸಿಂಪಡಣೆಯ ಹಿಂದಿನ ದಿನ ಅಕ್ಕಪಕ್ಕದ ಮನೆಗಳಿಗೆ ಬಾಯಿಮಾತಿನಲ್ಲಿ ತಿಳಿಸುವುದು ಮತ್ತು ಹಾಲಿನ ಡೇರಿಯ ಹಲಗೆಯ ಮೇಲೆ ಬರೆಯುವುದು. ಅಬ್ಬಿ ನೀರಿನ ಗುಂಡಿಯನ್ನು ಮುಚ್ಚಿಸುವುದು. ಜೇನುಪೆಟ್ಟಿಗೆ ಇರುವ ಕಡೆ ಸಂಜೆಯ ಹೊತ್ತು ಮಾತ್ರ ಹಾರಿಸುವುದು. ಪಕ್ಕದ ತೋಟದ ಪರೀಕ್ಷಾ ಕಾಗದದಲ್ಲಿ ಹನಿ ಕಂಡುಬಂದರೆ, ಹಳ್ಳದಲ್ಲಿ ಮೀನು ಸತ್ತು ತೇಲಿದರೆ, ಪೆಟ್ಟಿಗೆಯ ಮುಂದೆ ಜೇನು ರಾಶಿ ಬಿದ್ದರೆ, ಕೆಲಸದವರಿಗೆ ಕಣ್ಣುರಿ ಅಥವಾ ವಾಂತಿ ಕಾಣಿಸಿದರೆ ಅದೇ ದಿನ ನಿಲ್ಲಿಸುವುದು. ಮತ್ತೆ ಶುರು ಮಾಡುವ ಮೊದಲು ಸಭೆ ಕರೆಯುವುದು.” ನಿಲ್ಲಿಸುವ ಲಕ್ಷಣಗಳನ್ನು ಮೊದಲೇ ಬರೆದಿಡದಿದ್ದರೆ, ಮೀನು ಸತ್ತ ದಿನ ಅದು ಬಿಸಿಲಿಗೆ ಸತ್ತದ್ದೋ ಔಷಧಿಗೋ ಎಂಬ ವಾದದಲ್ಲೇ ವಾರ ಕಳೆಯುತ್ತದೆ. ಹಾನಿಯಿಲ್ಲ ಎಂದು ತೋರಿಸುವ ಹೊಣೆ ಹೊಸ ಚಟುವಟಿಕೆಯನ್ನು ತರುವವರ ಮೇಲಿದೆ ಎಂಬುದನ್ನು ಸುಪ್ರೀಂ ಕೋರ್ಟ್ 1996ರ ವೆಲ್ಲೂರು ಪ್ರಕರಣದಲ್ಲಿ ಪರಿಸರ ನ್ಯಾಯದ ತತ್ವವಾಗಿ ಎತ್ತಿಹಿಡಿದಿದೆ. ಠರಾವಿನಲ್ಲಿ ಆ ಮಾತನ್ನೂ ಒಂದು ಸಾಲಿನಲ್ಲಿ ಸೇರಿಸಬಹುದು.

ನೋಡಿಕೊಳ್ಳಲು ಮೂವರು ಸಾಕು: ಒಬ್ಬರು ಡ್ರೋನ್ ಬೇಕೆಂದವರು, ಒಬ್ಬರು ಬೇಡವೆಂದವರು, ಇನ್ನೊಬ್ಬರು ಆಶಾ ಕಾರ್ಯಕರ್ತೆ. ದಿನಾಂಕ, ಹೊತ್ತು, ಗಾಳಿ, ಔಷಧಿಯ ಹೆಸರು, ಅಳತೆ, ಹಾರಿಸಿದವರ ಪ್ರಮಾಣಪತ್ರದ ಸಂಖ್ಯೆ, ಕೇಳಿಬಂದ ದೂರು ಇವಿಷ್ಟನ್ನು ಒಂದು ಲಾಂಗ್ ಬುಕ್ಕಿನಲ್ಲಿ ಬರೆದರೆ ಆಯಿತು. ಸಿಂಪಡಿಸದೆ ಬಿಟ್ಟ ಒಂದೆರಡು ತೋಟಗಳ ಲೆಕ್ಕವನ್ನೂ ಇಡಬೇಕು. ಹೋಲಿಸಿ ನೋಡಲು ಇನ್ನೊಂದಿಲ್ಲದಿದ್ದರೆ ರೋಗ ಕಡಿಮೆಯಾದದ್ದು ಔಷಧಿಯಿಂದಲೋ, ಆ ವರ್ಷದ ಮಳೆಯ ಗತಿಯಿಂದಲೋ ಹೇಳಲಾಗುವುದಿಲ್ಲ.

ಒಮ್ಮತ ಬಾರದಿದ್ದರೆ ಕೈ ಎತ್ತಿಸಿ ಮುಗಿಸಲು ಆತುರಪಡಬೇಡಿ. ಒಪ್ಪಿದವರ ತೋಟಗಳು ಒಂದೇ ಕಡೆ ಇದ್ದು, ಸುತ್ತಲಿನ ಮನೆಗಳವರೂ ಒಪ್ಪಿದರೆ ಅಲ್ಲಿಗಷ್ಟೇ ಸೀಮಿತಗೊಳಿಸಿ. ಒಪ್ಪದವರ ಕಾರಣವನ್ನು ಅವರ ಮಾತಿನಲ್ಲೇ ನಡಾವಳಿಯಲ್ಲಿ ದಾಖಲಿಸಿ, ಸಭೆ ಮುಗಿಯುವ ಮೊದಲು ಪಿಡಿಒ ಅದನ್ನು ಗಟ್ಟಿಯಾಗಿ ಓದಿ ಹೇಳಿದ ಮೇಲೆಯೇ ಸಹಿ ಹಾಕಿಸಿ. “ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಲಾಯಿತು” ಎಂಬ ಸಿದ್ಧ ವಾಕ್ಯ ಎಲ್ಲ ನಡಾವಳಿಗಳಲ್ಲೂ ತಾನಾಗಿ ಬಂದು ಕೂರುತ್ತದೆ. ಸಹಿ ಹಾಕುವವರು ಅದರ ಮೇಲೆ ಕಣ್ಣಿಡಬೇಕು.

ಕಾಲದ ಹೊಂದಾಣಿಕೆ ಹೀಗಿರಲಿ. ಕೊಳೆ ಔಷಧಿಯ ಮೊದಲ ಸರದಿ ಮುಂಗಾರು ಹಿಡಿಯುವ ಮೊದಲೇ ಆಗಬೇಕಾದ್ದರಿಂದ, ಪಟ್ಟಿ ಬರೆಯುವುದು ಮತ್ತು ಮಾಹಿತಿ ಹಕ್ಕಿನ ಅರ್ಜಿ ಜನವರಿಯಲ್ಲಿ, ವಾರ್ಡ್ ಸಭೆಗಳು ಫೆಬ್ರವರಿಯಲ್ಲಿ, ನೀರಿನ ಪರೀಕ್ಷೆ ಮಾರ್ಚ್‌ನಲ್ಲಿ, ಗ್ರಾಮಸಭೆ ಏಪ್ರಿಲ್‌ನಲ್ಲಿ ಮುಗಿದಿರಬೇಕು. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂಬುದು ಕಾನೂನೇ ಆಗಿರುವುದರಿಂದ ಮರುಪರಿಶೀಲನೆಯನ್ನು ಅಕ್ಟೋಬರ್‌ನ ಸಭೆಗೆ ಇಟ್ಟುಕೊಳ್ಳಬಹುದು. ಅಷ್ಟರಲ್ಲಿ ಕೊಳೆಯ ಕಾಲ ಕಳೆದಿರುತ್ತದೆ, ಕೊಯ್ಲಿನ ಗಡಿಬಿಡಿ ಪೂರ್ತಿ ಶುರುವಾಗಿರುವುದಿಲ್ಲ. ಆ ಸಭೆಯಲ್ಲಿ ಲಾಂಗ್ ಬುಕ್ಕನ್ನು ಮೊದಲ ಪುಟದಿಂದ ಓದಿಸಿ, ಠರಾವನ್ನು ಮುಂದುವರಿಸಬೇಕೇ, ತಿದ್ದಬೇಕೇ, ಕೈಬಿಡಬೇಕೇ ಎಂದು ಕೇಳಬೇಕು. ಯಾವ ತೀರ್ಮಾನವನ್ನೂ ಮಾಡದಿದ್ದರೆ ಹಳೆಯ ಒಪ್ಪಿಗೆ ತಾನಾಗಿ ರದ್ದಾಗುತ್ತದೆ ಎಂದು ಏಪ್ರಿಲ್‌ನ ಠರಾವಿನಲ್ಲೇ ಬರೆದಿರಬೇಕು. ಪುಸ್ತಕದ ಒಂದು ಪ್ರತಿ ಪಂಚಾಯಿತಿಯಲ್ಲೂ, ಇನ್ನೊಂದು ಊರಿನ ಗ್ರಂಥಾಲಯದಲ್ಲೂ ಇರಲಿ; ಪಂಚಾಯಿತಿ ಬಾಗಿಲು ಹಾಕಿದ ದಿನವೂ ಯಾರಾದರೂ ಹೋಗಿ ತೆರೆದು ನೋಡುವಂತಿರಬೇಕು.